ಟೆರೇಸ್ ಟ್ಯಾಂಕಿನ ಚಿಪ್ಪಿಗೆ ನಿದ್ದೆ ಹೇಗೆ ಬರುತ್ತದೆ?

ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ಹೌಸಿಂಗ್ ಸೊಸೈಟಿಗಳ ಮೀಟಿಂಗಿಗೆ ಈಗ ಹೊಸ ಬಗೆಯ ಕೊಟೇಶನ್ ಬರುತ್ತಿದೆ: ನೀರಿನ ಟ್ಯಾಂಕಿಗೆ ವೈರ್‌ಲೆಸ್ ಸೆನ್ಸರ್. ಟೆರೇಸಿನ ಟ್ಯಾಂಕಿನಲ್ಲಿ ಎಷ್ಟು ನೀರಿದೆ, ನೆಲದಡಿಯ ಟ್ಯಾಂಕಿಗೆ ಪಾಲಿಕೆ ನೀರು ಎಷ್ಟು ಬಂತು ಎಂದು ಫೋನಿನಲ್ಲೇ ನೋಡಿಕೊಳ್ಳಬಹುದು, ಒಮ್ಮೆ ಸೆಲ್ ಹಾಕಿದರೆ ಐದು ವರ್ಷ ಆ ಕಡೆ ತಿರುಗಿ ನೋಡಬೇಕಾಗಿಲ್ಲ ಎಂಬ ಭರವಸೆ ಕೊಟೇಶನ್ನಿನ ಜೊತೆಗೇ ಇರುತ್ತದೆ. ಹಾಕಿಸಿದ ಮೂರನೇ ವಾರಕ್ಕೆ ಸೆಲ್ ಸತ್ತು, ವಾಚ್‌ಮನ್ ಮತ್ತೆ ಏಳು ಮಹಡಿ ಹತ್ತಿ ಟ್ಯಾಂಕಿನೊಳಗೆ ಟಾರ್ಚ್ ಬಿಡುವುದೂ ಇದೆ.

ಐದು ವರ್ಷ ಎಂದವರು ಸುಳ್ಳು ಹೇಳಿರಲಿಕ್ಕಿಲ್ಲ. ಅದೇ ಚಿಪ್, ಅದೇ ಸೆಲ್ ಇಟ್ಟುಕೊಂಡು ಐದು ವರ್ಷವೂ ಸಾಧ್ಯ, ಮೂರು ವಾರವೂ ಸಾಧ್ಯ. ಚಿಪ್ಪಿನೊಳಗೆ ಕೂತು ಕೆಲಸಗಳನ್ನು ಹಂಚುವ ಆಪರೇಟಿಂಗ್ ಸಿಸ್ಟಮ್ (ಓಎಸ್) ಅದನ್ನು ಎಷ್ಟು ಹೊತ್ತು ಮಲಗಿಸುತ್ತದೆ, ಸುತ್ತಲಿನ ಬೋರ್ಡು ಆ ನಿದ್ದೆಯನ್ನು ಕೆಡಿಸುತ್ತದೋ ಇಲ್ಲವೋ, ಇವೆರಡರ ಮೇಲೆ ಎಲ್ಲ ನಿಂತಿದೆ.

## ಚಿಕ್ಕದು ಅಂದರೆ ಎಷ್ಟು ಚಿಕ್ಕದು

ಮೈಕ್ರೋಕಂಟ್ರೋಲರ್ ಎಂದರೆ ಒಂದೇ ಚಿಪ್ಪಿನಲ್ಲಿ ಮುಗಿದುಹೋದ ಕಂಪ್ಯೂಟರು. ಲೆಕ್ಕ ಮಾಡುವ ಭಾಗ, ಪ್ರೋಗ್ರಾಮ್ ಕೂರುವ ಫ್ಲ್ಯಾಶ್, ಕೆಲಸದ ಹೊತ್ತಿಗೆ ಬೇಕಾದ ರ‍್ಯಾಮ್, ಸೆನ್ಸರ್ ಕಟ್ಟುವ ಪಿನ್ನುಗಳು, ಕೆಲವದರಲ್ಲಿ ರೇಡಿಯೋ, ಎಲ್ಲ ಉಗುರಿನಗಲದಲ್ಲಿ. ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ನಾರ್ಡಿಕ್ ಕಂಪನಿಯ ಎನ್‌ಆರ್‌ಎಫ್52840 ಚಿಪ್ಪಿನಲ್ಲಿ 256 ಕಿಲೋಬೈಟ್ ರ‍್ಯಾಮ್, 1 ಮೆಗಾಬೈಟ್ ಫ್ಲ್ಯಾಶ್ ಇದೆ. 8 ಜಿಬಿ ರ‍್ಯಾಮಿನ ಫೋನಿನೊಳಗೆ ಇಂಥ 32,768 ಚಿಪ್ಪುಗಳ ರ‍್ಯಾಮ್ ಹಿಡಿಸುತ್ತದೆ. ಹಾಗಿದ್ದೂ ಇದು ಈ ವರ್ಗದಲ್ಲಿ ಶ್ರೀಮಂತ ಚಿಪ್. ಇಂಟರ್ನೆಟ್ಟಿನ ನಿಯಮಗಳನ್ನು ಬರೆಯುವ ಐಇಟಿಎಫ್ 2014ರಲ್ಲಿ ಇಂಥ ಸಾಧನಗಳನ್ನು ಮೂರು ದರ್ಜೆಗೆ ಹಾಕಿತು. ಅದರಲ್ಲಿ ನಡುವಿನ ದರ್ಜೆಗೆ ಸಿಗುವುದು ಸುಮಾರು 10 ಕಿಲೋಬೈಟ್ ರ‍್ಯಾಮ್, 100 ಕಿಲೋಬೈಟ್ ಫ್ಲ್ಯಾಶ್ ಅಷ್ಟೇ.

ಇಷ್ಟರಲ್ಲಿ ದೊಡ್ಡ ಕಂಪ್ಯೂಟರುಗಳ ಲಿನಕ್ಸ್ ಓಎಸ್ ಹಿಡಿಸುವುದಿಲ್ಲ. ಅದಕ್ಕೆ ರ‍್ಯಾಮ್ ಮೆಗಾಬೈಟುಗಳ ಲೆಕ್ಕದಲ್ಲಿ ಬೇಕು, ಜೊತೆಗೆ ಈ ಚಿಪ್ಪುಗಳಲ್ಲಿ ಇಲ್ಲದ ಮೆಮೊರಿ ಮ್ಯಾನೇಜ್‌ಮೆಂಟ್ ಯೂನಿಟ್ ಎಂಬ ಭಾಗವೂ ಸಾಮಾನ್ಯವಾಗಿ ಬೇಕು. ಹಾಸಿಗೆ ಇದ್ದಷ್ಟೇ ಕಾಲು ಚಾಚುವ ಓಎಸ್ ಬೇರೆಯೇ ಆಗಬೇಕು.

## ಒಂದು ಒಲೆ, ಹಲವು ಆರ್ಡರು

ಸೆನ್ಸರ್ ಓದು, ಕಳಿಸು, ಮಲಗು. ಮೂರೇ ಕೆಲಸವಿದ್ದಾಗ ಓಎಸ್ ಯಾಕೆ, ಅದನ್ನೇ ಮತ್ತೆ ಮತ್ತೆ ಮಾಡುವ ಒಂದು ಲೂಪ್ ಬರೆದರೆ ಸಾಲದೇ? ಒಂಟಿ ಸೆನ್ಸರಿಗೆ ಸಾಕು. ಆದರೆ ನೆಟ್‌ವರ್ಕ್ ಬಂದ ಕೂಡಲೇ ಲೂಪ್ ತಡವರಿಸುತ್ತದೆ. ಪ್ಯಾಕೆಟ್, ಅಂದರೆ ಮಾಹಿತಿಯ ಪೊಟ್ಟಣ, ಹೇಳಿ ಕೇಳಿ ಬರುವುದಿಲ್ಲ, ಉತ್ತರ ಬಾರದಿದ್ದರೆ ಮತ್ತೆ ಕಳಿಸಬೇಕು, ನಡುವೆ ಟೈಮರ್ ಮುಗಿಯುತ್ತದೆ, ಅಷ್ಟರಲ್ಲಿ ಸೆನ್ಸರ್ ಉತ್ತರ ಕೊಟ್ಟಿರುತ್ತದೆ. ಯಾವುದನ್ನು ಮೊದಲು ನೋಡಬೇಕು ಎಂದು ತೀರ್ಮಾನಿಸುವವರು ಬೇಕು.

ಮಾಟುಂಗಾದ ಉಡುಪಿ ಹೋಟೆಲಿನ ಅಡುಗೆಮನೆಯನ್ನು ನೆನೆಸಿಕೊಳ್ಳಿ. ಒಂದು ಪದ್ಧತಿಯಲ್ಲಿ ಒಬ್ಬನೇ ಭಟ್ಟ. ಕಾವಲಿಗೆ ದೋಸೆ ಹುಯ್ದು, ಅದು ಬೇಯುವವರೆಗೆ ಕಾಯದೆ ಇಡ್ಲಿ ಪಾತ್ರೆಗೆ ಹೋಗುತ್ತಾನೆ, ಅಲ್ಲಿಂದ ಕಾಫಿಗೆ. ಪ್ರತಿ ಕೆಲಸವೂ ಚಿಕ್ಕದು, ಎಲ್ಲಿಯೂ ನಿಲ್ಲುವಂತಿಲ್ಲ. ಇದು ಘಟನೆ ಆಧಾರಿತ ವಿನ್ಯಾಸ. ಕಾಂಟಿಕಿ ಎಂಬ ಓಎಸ್ ಹೀಗೆ ನಡೆಯುತ್ತದೆ. ಇನ್ನೊಂದು ಪದ್ಧತಿಯಲ್ಲಿ ಹಲವು ಭಟ್ಟರು, ಒಬ್ಬೊಬ್ಬರಿಗೂ ತಮ್ಮ ಸಾಮಾನು ಹರಡಿಕೊಳ್ಳಲು ಬೇರೆ ಮೇಜು, ಒಲೆ ಮಾತ್ರ ಒಂದೇ. ಈಗ ಒಲೆ ಯಾರದು ಎಂದು ಮೇಸ್ತ್ರಿ ಹೇಳುತ್ತಾನೆ. ಈ ಭಟ್ಟರೇ ಥ್ರೆಡ್‌ಗಳು, ಮೇಜೇ ಸ್ಟ್ಯಾಕ್, ಮೇಸ್ತ್ರಿಯೇ ಶೆಡ್ಯೂಲರ್. ರಯಟ್, ಝೆಫರ್, ಫ್ರೀಆರ್‌ಟಿಒಎಸ್ ಈ ಪದ್ಧತಿಯವು.

ಎರಡಕ್ಕೂ ಅದರದರ ಮುಳ್ಳು ಇದೆ. ಕಾಂಟಿಕಿಯಲ್ಲಿ ಒಂದೊಂದು ಕೆಲಸವನ್ನು ಹೊರುವ ಪ್ರೊಟೊಥ್ರೆಡ್‌ಗೆ ತಗಲುವ ಹೆಚ್ಚುವರಿ ಮೆಮೊರಿ ಎರಡೇ ಬೈಟ್, ಏಕೆಂದರೆ ಅದು ತಾನು ಯಾವ ಸಾಲಿನಲ್ಲಿ ಕಾಯುತ್ತಿದ್ದೆ ಎಂಬುದನ್ನು ಮಾತ್ರ ನೆನಪಿಡುತ್ತದೆ. ಆದ್ದರಿಂದಲೇ ಫಂಕ್ಷನ್ನಿನೊಳಗಿನ ಸಾಮಾನ್ಯ ವೇರಿಯೇಬಲ್ಲುಗಳು ಕಾಯುವ ಹೊತ್ತಿನಲ್ಲಿ ಅಳಿಸಿಹೋಗುತ್ತವೆ. ಐದು ಸಲ ನೀರಿನ ಮಟ್ಟ ಅಳೆದು ಸರಾಸರಿ ತೆಗೆಯುವ ಕೋಡಿನಲ್ಲಿ ಮೊತ್ತವನ್ನು ಹಾಗೆ ಇಟ್ಟರೆ ಮೊದಲ ಅಳತೆಯ ನಂತರ ಅದರಲ್ಲಿರುವುದು ಕಸ. ಅದನ್ನು ಸ್ಟ್ಯಾಟಿಕ್, ಅಂದರೆ ಅಳಿಯದೆ ಉಳಿಯುವಂಥದು, ಎಂದು ಘೋಷಿಸಬೇಕು. ಥ್ರೆಡ್ ಪದ್ಧತಿಯಲ್ಲಿ ಈ ಕಾಟವಿಲ್ಲ, ಬದಲಿಗೆ ಮೇಜು ಚಿಕ್ಕದಾದರೆ ಸಾಮಾನು ಪಕ್ಕದ ಮೇಜಿಗೆ ಚೆಲ್ಲುತ್ತದೆ. 512 ಬೈಟ್ ಸ್ಟ್ಯಾಕ್ ಕೊಟ್ಟ ಥ್ರೆಡ್‌ನಲ್ಲಿ ಪರೀಕ್ಷೆಗೆಂದು ಪಠ್ಯ ತೋರಿಸುವ ಒಂದು ಪ್ರಿಂಟ್‌ಎಫ್ ಸೇರಿಸಿದ್ದೇ ನೆಪವಾಗಿ, ಸಂಬಂಧವೇ ಇಲ್ಲದ ಕಡೆ ಪ್ರೋಗ್ರಾಮ್ ಬೀಳಬಹುದು. ರಯಟ್‌ನಲ್ಲಿ ಪಿಎಸ್ ಆಜ್ಞೆ ಕೊಟ್ಟರೆ ಯಾವ ಥ್ರೆಡ್ ಎಷ್ಟು ಸ್ಟ್ಯಾಕ್ ಬಳಸಿತು ಎಂದು ತೋರಿಸುತ್ತದೆ. ಬಳಕೆಗಿಂತ ಕಾಲು ಭಾಗ ಹೆಚ್ಚು ಇಟ್ಟರೆ ನೆಮ್ಮದಿ.

ಮುಖ್ಯ ಸಂಗತಿ ಮುಂದಿದೆ. ಯಾವ ಆರ್ಡರೂ ಇಲ್ಲದಾಗ ಒಲೆ ಏನು ಮಾಡುತ್ತದೆ? ಹಳೆಯ ಪದ್ಧತಿಯ ಓಎಸ್ ಸೆಕೆಂಡಿಗೆ ಸಾವಿರ ಸಲ ಎದ್ದು ಕೆಲಸವಿದೆಯೇ ಎಂದು ನೋಡುತ್ತದೆ. ರಯಟ್‌ನಂಥವು ಮುಂದಿನ ಕೆಲಸ ಎಷ್ಟು ಹೊತ್ತಿಗಿದೆ ಎಂದು ಲೆಕ್ಕ ಹಾಕಿ, ಅಲಾರಾಂ ಇಟ್ಟು, ಅಲ್ಲಿಯವರೆಗೆ ಗ್ಯಾಸ್ ಆರಿಸುತ್ತವೆ. ಫ್ರೀಆರ್‌ಟಿಒಎಸ್‌ನಲ್ಲೂ ಇದು ಸಾಧ್ಯ, ಆದರೆ ಟಿಕ್‌ಲೆಸ್ ಐಡಲ್ ಎಂಬ ಆಯ್ಕೆಯನ್ನು ನಾವೇ ಆನ್ ಮಾಡಬೇಕು. ಮರೆತವರಿಗೆ ಬೇಗ ಸಾಯುವ ಸೆಲ್ಲೇ ಅದನ್ನು ಹೇಳುತ್ತದೆ.

## ಸೆಲ್ಲಿನ ಲೆಕ್ಕ

ಮೂರು ಎಎ ಆಲ್ಕಲೈನ್ ಸೆಲ್ ಸಾಲಾಗಿ ಕಟ್ಟಿದರೆ 4.5 ವೋಲ್ಟ್, ಸುಮಾರು 2,500 ಮಿಲಿಆಂಪಿಯರ್-ಗಂಟೆ. ಅಂದರೆ 1 ಮಿಲಿಆಂಪಿಯರ್ ಎಳೆದರೆ 2,500 ಗಂಟೆ.

ರೇಡಿಯೋವನ್ನು ಸದಾ ಕೇಳುತ್ತ ಇಟ್ಟರೆ ಸುಮಾರು 5 ಮಿಲಿಆಂಪಿಯರ್. 2,500 ಭಾಗಿಸು 5, 500 ಗಂಟೆ, ಅಂದರೆ 21 ದಿನ. ಆ ಮೂರು ವಾರ ಬಂದದ್ದು ಎಲ್ಲಿಂದ ಎಂಬುದಕ್ಕೆ ಮೊದಲ ಉತ್ತರ ಇದು.

ಈಗ ಮಲಗಿಸಿ ನೋಡಿ. ಐದು ನಿಮಿಷಕ್ಕೊಮ್ಮೆ ಎದ್ದು ಸೆನ್ಸರ್, ರೇಡಿಯೋ ಎಲ್ಲ ಸೇರಿ 35 ಮಿಲಿಆಂಪಿಯರ್‌ನಂತೆ 100 ಮಿಲಿಸೆಕೆಂಡ್ ಕೆಲಸ. ಅದನ್ನು 300 ಸೆಕೆಂಡಿಗೆ ಹಂಚಿದರೆ ಸರಾಸರಿ ಸುಮಾರು 12 ಮೈಕ್ರೋಆಂಪಿಯರ್ (ಸಾವಿರ ಮೈಕ್ರೋ ಸೇರಿದರೆ ಒಂದು ಮಿಲಿ). ನಿದ್ದೆಯಲ್ಲಿ ಚಿಪ್ ಎಳೆಯುವುದು ಸುಮಾರು 3, ಸೆಲ್ಲಿನ ವೋಲ್ಟೇಜನ್ನು ಚಿಪ್ಪಿಗೆ ತಕ್ಕಂತೆ ತಗ್ಗಿಸುವ ಒಳ್ಳೆಯ ವೋಲ್ಟೇಜ್ ರೆಗ್ಯುಲೇಟರ್ ಇನ್ನೊಂದೆರಡು. ಒಟ್ಟು 17 ಎಂದಿಟ್ಟರೆ ಕಾಗದದ ಮೇಲೆ ಸುಮಾರು 17 ವರ್ಷ ಬರುತ್ತದೆ. ಅಷ್ಟು ವರ್ಷ ಸೆಲ್ಲೇ ಬಾಳುವುದಿಲ್ಲ, ಟೆರೇಸಿನ ಬಿಸಿಲಿಗೆ ಇನ್ನೂ ಬೇಗ ಸೊರಗುತ್ತದೆ. ಐದು ವರ್ಷ ಎನ್ನುವ ಮಾತು ಆ ಲೆಕ್ಕದಲ್ಲಿ ವಿನಯದ್ದೇ.

ವೈ-ಫೈ ಯಾಕೆ ಬೇಡ? ಇಎಸ್‌ಪಿ32 ಎಂಬ ವೈ-ಫೈ ಬೋರ್ಡು ಅಗ್ಗ, ಲ್ಯಾಮಿಂಗ್ಟನ್ ರಸ್ತೆಯಲ್ಲಾಗಲಿ ಪುಣೆಯ ಬುಧವಾರ ಪೇಟೆಯಲ್ಲಾಗಲಿ ಕೇಳಿದ ಕೂಡಲೇ ಸಿಗುತ್ತದೆ. ಆದರೆ ಪ್ರತಿ ಸಲ ಎದ್ದಾಗ ರೌಟರಿಗೆ ಹೊಸದಾಗಿ ಸೇರಿಕೊಳ್ಳಲು 3 ಸೆಕೆಂಡ್, 100 ಮಿಲಿಆಂಪಿಯರ್ ಎಂದು ಹಿಡಿದರೂ ಸರಾಸರಿ 1 ಮಿಲಿಆಂಪಿಯರ್. ಮೂರೂವರೆ ತಿಂಗಳಿಗೆ ಸೆಲ್ ಮುಗಿಯಿತು. ಪ್ಲಗ್ ಪಾಯಿಂಟ್ ಪಕ್ಕದಲ್ಲೇ ಇದ್ದರೆ ಈ ತಲೆನೋವೇ ಇಲ್ಲ, ವೈ-ಫೈ ಹಾಕಿ ಸುಮ್ಮನಿರಿ. ಸೆಲ್ಲಿನ ಮೇಲೆ ಬದುಕುವ ಸಾಧನಗಳು ಬಳಸುವುದು ಐಇಇಇ 802.15.4 ಎಂಬ ಸಣ್ಣ ರೇಡಿಯೋ ಪದ್ಧತಿ.

## ಇಬ್ಬರೂ ಒಂದೇ ಹೊತ್ತಿಗೆ ಏಳಬೇಕು

ಒಬ್ಬನೇ ಮಲಗುವುದು ಸುಲಭ. ಕಳಿಸುವವನು ಎದ್ದಾಗ ಕೇಳುವವನು ಕುಂಭಕರ್ಣನಾಗಿದ್ದರೆ ಪ್ಯಾಕೆಟ್ ಗಾಳಿಪಾಲು.

ಹಳೆಯ ಕಾಂಟಿಕಿಯ ಉಪಾಯ ಹೀಗಿತ್ತು: ಕೇಳುವವನು ಸೆಕೆಂಡಿಗೆ 8 ಸಲ ಕ್ಷಣಮಾತ್ರ ಕಿವಿ ತೆರೆಯುತ್ತಾನೆ, ಕಳಿಸುವವನು ಉತ್ತರ ಸಿಗುವವರೆಗೆ ಅದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕೂಗುತ್ತಾನೆ. ಹೊಸ ಉಪಾಯ ಲೋಕಲ್ ಟ್ರೇನಿನ ಟೈಮ್‌ಟೇಬಲ್ಲಿನಂಥದು, ಹೆಸರು ಟಿಎಸ್‌ಸಿಎಚ್. ಕಾಲವನ್ನು 10 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಯಾವ ತುಂಡಿನಲ್ಲಿ ಯಾರು ಯಾರಿಗೆ ಯಾವ ಚಾನೆಲ್‌ನಲ್ಲಿ ಕಳಿಸಬೇಕು ಎಂದು ಮೊದಲೇ ಬರೆದಿಡುವುದು. ತನ್ನ ತುಂಡು ಬರುವವರೆಗೆ ನಿದ್ದೆ. ಪ್ರತಿ ಸಲ ಚಾನೆಲ್ ಬದಲಾಗುವುದರಿಂದ ಯಾರದೋ ವೈ-ಫೈ ಒಂದನ್ನು ಹಾಳುಮಾಡಿದರೂ ಮುಂದಿನದು ಸಿಗುತ್ತದೆ.

ಟೈಮ್‌ಟೇಬಲ್ ನಡೆಯಬೇಕಾದರೆ ಇಬ್ಬರ ಗಡಿಯಾರವೂ ಒಂದೇ ಹೇಳಬೇಕು, ತೊಂದರೆ ಶುರುವಾಗುವುದು ಅಲ್ಲೇ. ಚಿಪ್ಪಿನ ನಿದ್ದೆಯ ಗಡಿಯಾರ 32.768 ಕಿಲೋಹರ್ಟ್ಸ್ ಕ್ರಿಸ್ಟಲ್. ಅದು 25 ಡಿಗ್ರಿಯಲ್ಲಿ ಸರಿಯಾಗಿ ಓಡುತ್ತದೆ. ಅಲ್ಲಿಂದ ಬಿಸಿಯಾದರೂ ತಂಪಾದರೂ ನಿಧಾನವಾಗುತ್ತದೆ, ವ್ಯತ್ಯಾಸದ ವರ್ಗಕ್ಕೆ ತಕ್ಕಂತೆ. ಮೇ ತಿಂಗಳ ಮಧ್ಯಾಹ್ನ ಟೆರೇಸಿನ ಮುಚ್ಚಿದ ಡಬ್ಬಿಯೊಳಗೆ 60 ಡಿಗ್ರಿ ಎಂದುಕೊಳ್ಳಿ. ವ್ಯತ್ಯಾಸ 35, ವರ್ಗ 1,225, ಅದನ್ನು ಕ್ರಿಸ್ಟಲ್ಲಿನ ಗುಣಾಂಕ 0.034ರಿಂದ ಗುಣಿಸಿದರೆ ಹತ್ತು ಲಕ್ಷಕ್ಕೆ ಸುಮಾರು 42 ಭಾಗ. ಕೆಳಗೆ ತಂಪಾದ ಪಂಪ್ ರೂಮಿನಲ್ಲಿರುವ ಸಾಧನಕ್ಕೆ ಹೋಲಿಸಿದರೆ ಟೆರೇಸಿನದು ಸೆಕೆಂಡಿಗೆ 42 ಮೈಕ್ರೋಸೆಕೆಂಡ್ ಹಿಂದೆ, ದಿನಕ್ಕೆ ಮೂರೂವರೆ ಸೆಕೆಂಡ್. ಟಿಎಸ್‌ಸಿಎಚ್‌ನಲ್ಲಿ ರೂಢಿಯ ರಿಯಾಯಿತಿ ಇರುವುದು ಆಚೆ ಈಚೆ 1.1 ಮಿಲಿಸೆಕೆಂಡ್. ಹೊಂದಿಸಿಕೊಳ್ಳದೆ ಬಿಟ್ಟರೆ 26 ಸೆಕೆಂಡಿನಲ್ಲಿ ಟ್ರೇನ್ ತಪ್ಪಿತು. ಚಳಿಗಾಲದಲ್ಲಿ ಪರೀಕ್ಷಿಸಿದಾಗ ಸರಿಯಿದ್ದ ನೆಟ್‌ವರ್ಕ್ ಬೇಸಗೆಯ ಮಧ್ಯಾಹ್ನ ಮಾತ್ರ ಕಡಿದುಬೀಳುವುದಕ್ಕೆ ಹೀಗೂ ಒಂದು ಕಾರಣ ಇರಬಹುದು. ಕಾಂಟಿಕಿ-ಎನ್‌ಜಿಯಲ್ಲಿ ನೆರೆಯವನ ಗಡಿಯಾರಕ್ಕೂ ತನ್ನದಕ್ಕೂ ಎಷ್ಟು ಅಂತರ ಬೆಳೆಯುತ್ತಿದೆ ಎಂದು ಕಲಿತು ತಿದ್ದಿಕೊಳ್ಳುವ ಸೌಲಭ್ಯವಿದೆ. ಡಬ್ಬಿಯನ್ನು ನೆರಳಿನ ಕಡೆ ಕೂರಿಸುವುದು ಅದಕ್ಕಿಂತ ಅಗ್ಗ.

ಟಿಎಸ್‌ಸಿಎಚ್ ಬಳಸದೆ ಒಂದೇ ಚಾನೆಲ್‌ನಲ್ಲಿ ನಿಲ್ಲುವುದಾದರೆ 15, 20, 25, 26 ಇವುಗಳಲ್ಲಿ ಒಂದನ್ನು ಹಿಡಿಯಿರಿ. ಮನೆಮನೆಯ ವೈ-ಫೈ ಸಾಮಾನ್ಯವಾಗಿ ಕೂರುವ 1, 6, 11ರ ನಡುವಿನ ಮತ್ತು ಆಚೆಯ ಸಂದಿಗಳು ಇವು.

## ಡಬ್ಬಾದ ಮುಚ್ಚಳದ ಮೇಲಿನ ಗುರುತು

ಈ ಸಾಧನಗಳು ಮಾತಾಡುವುದು ಇಂಟರ್ನೆಟ್ಟಿನ ಭಾಷೆಯನ್ನೇ, ಐಪಿವಿ6. ಇಕ್ಕಟ್ಟು ಏನೆಂದರೆ 802.15.4ರ ಒಂದು ಫ್ರೇಮಿನಲ್ಲಿ, ಅಂದರೆ ಒಮ್ಮೆಗೆ ಕಳಿಸುವ ತುಂಡಿನಲ್ಲಿ, ಹಿಡಿಸುವುದು 127 ಬೈಟ್. ಐಪಿವಿ6 ಕನಿಷ್ಠ 1,280 ಬೈಟಿನ ಪ್ಯಾಕೆಟ್ ಹೊರುವ ದಾರಿ ಬೇಕೆನ್ನುತ್ತದೆ. 127ರಲ್ಲಿ ರೇಡಿಯೋ ಪದ್ಧತಿಯ ತಲೆಬರಹಕ್ಕೆ 25, ಗೂಢಲಿಪಿಗೆ 21 ಹೋದರೆ ಉಳಿದದ್ದು 81. ಐಪಿವಿ6 ವಿಳಾಸ ಇತ್ಯಾದಿಗೆ 40, ಪ್ಯಾಕೆಟ್ಟನ್ನು ಸರಿಯಾದ ಪ್ರೋಗ್ರಾಮಿಗೆ ತಲುಪಿಸುವ ಯುಡಿಪಿ ತಲೆಬರಹಕ್ಕೆ 8. ಕೊನೆಗೆ ನೀರಿನ ಮಟ್ಟ ಬರೆಯಲು 33 ಬೈಟ್ ಸಿಗುತ್ತದೆ.

ಡಬ್ಬಾವಾಲಾಗಳು ಇದನ್ನು ಬೇರೆ ರೂಪದಲ್ಲಿ ಎಂದೋ ಬಗೆಹರಿಸಿದ್ದಾರೆ. ಮುಚ್ಚಳದ ಮೇಲೆ ಪೂರ್ತಿ ವಿಳಾಸ ಇರುವುದಿಲ್ಲ, ಕೆಲವು ಅಕ್ಷರ, ಅಂಕಿ, ಬಣ್ಣ. ಯಾವ ಅಕ್ಷರ ಯಾವ ಸ್ಟೇಷನ್ ಎಂದು ಕೈಯಿಂದ ಕೈಗೆ ದಾಟಿಸುವವರಿಗೆಲ್ಲ ಮೊದಲೇ ಗೊತ್ತು, ಗೊತ್ತಿರುವುದನ್ನು ಬರೆಯುವುದೇಕೆ? 6ಲೋಪ್ಯಾನ್ ಎಂಬ ಪದ್ಧತಿ ಇದನ್ನೇ ಮಾಡುತ್ತದೆ. 2007ರಲ್ಲಿ ಬಂದು 2011ರಲ್ಲಿ ಪಕ್ವವಾದ ಈ ನಿಯಮದ ಪ್ರಕಾರ, ನೆರೆಯವರಿಬ್ಬರೇ ಮಾತಾಡುವಾಗ 40 ಬೈಟಿನ ತಲೆಬರಹ 2 ಬೈಟಿಗೆ ಇಳಿಯಬಹುದು, ಹಲವು ಕೈ ದಾಟುವಾಗ 7ಕ್ಕೆ. ಇಷ್ಟರಲ್ಲೂ ಹಿಡಿಸದ್ದನ್ನು ತುಂಡು ಮಾಡಿ ಕಳಿಸುತ್ತದೆ, ಆದರೆ ಒಂದು ತುಂಡು ಕಳೆದರೆ ಇಡೀ ಪ್ಯಾಕೆಟ್ ವ್ಯರ್ಥ. ಆದ್ದರಿಂದ ಸಂದೇಶ ಗಿಡ್ಡ ಇರಲಿ. "ಟ್ಯಾಂಕ್ ಎ ವಿಂಗ್, ನೀರಿನ ಮಟ್ಟ 142 ಸೆಂಟಿಮೀಟರ್" ಎಂದು ಪಠ್ಯ ಕಳಿಸುವ ಬದಲು ಎರಡು ಬೈಟಿನ ಸಂಖ್ಯೆ ಸಾಕು.

ಯಾರ ಕೈಗೆ ದಾಟಿಸಬೇಕು ಎಂದು ತೀರ್ಮಾನಿಸುವುದು ಆರ್‌ಪಿಎಲ್ ಎಂಬ ಇನ್ನೊಂದು ನಿಯಮ. ವಾಚ್‌ಮನ್ ಕ್ಯಾಬಿನ್ನಿನಲ್ಲಿ ಇಂಟರ್ನೆಟ್ಟಿಗೆ ಸೇರಿಸುವ ಬಾರ್ಡರ್ ರೌಟರ್ ಇದ್ದರೆ ಅದೇ ಬೇರು. ಪ್ರತಿ ಸಾಧನವೂ ಬೇರಿಗೆ ತಾನೆಷ್ಟು ದೂರ ಎಂದು ಹೇಳಿಕೊಳ್ಳುತ್ತದೆ, ಹತ್ತಿರದವರ ಕಡೆ ಪ್ಯಾಕೆಟ್ ಸರಿಸುತ್ತದೆ. ಇಲ್ಲಿ ಸೊಸೈಟಿಗಳು ಎಡವುವುದು ಒಂದು ಕಡೆ: ನಡುವಿನ ಕೈಗಳಿಗೆ ತುದಿಯವರಷ್ಟು ನಿದ್ದೆ ಸಿಗುವುದಿಲ್ಲ. ಮೂರನೇ, ಐದನೇ ಮಹಡಿಯ ಮೆಟ್ಟಿಲ ಬಳಿ ಇಡುವ ರಿಲೇ ಸಾಧನಗಳನ್ನು ಸೆಲ್ ಮೇಲೆ ನಡೆಸಬೇಡಿ, ಮೆಟ್ಟಿಲ ದೀಪದ ಲೈನಿನಿಂದ ಅಡಾಪ್ಟರ್ ಕೊಡಿ. ಆ ಲೈನಿಗೆ ಸಂಜೆ ಮಾತ್ರ ಆನ್ ಆಗುವ ಟೈಮರ್ ಇದೆಯೇ ಎಂದು ಮೊದಲು ಎಲೆಕ್ಟ್ರಿಷಿಯನ್‌ನ್ನು ಕೇಳಿ.

## ಯಾವ ಓಎಸ್?

ಕಾಂಟಿಕಿಯನ್ನು ಸ್ವೀಡನ್ನಿನ ಆಡಮ್ ಡಂಕೆಲ್ಸ್ 2003ರಲ್ಲಿ ಹೊರತಂದರು. ಹೆಸರು ಬಂದದ್ದು ಪೆಸಿಫಿಕ್ ದಾಟಿದ ಕಾನ್-ಟಿಕಿ ತೆಪ್ಪದಿಂದ. ಅದರ ಮುಂದಿನ ರೂಪ ಕಾಂಟಿಕಿ-ಎನ್‌ಜಿ. ಹತ್ತು ಕಿಲೋಬೈಟ್ ರ‍್ಯಾಮಿನ ಚಿಪ್ಪಿಗೆ, ಟಿಎಸ್‌ಸಿಎಚ್ ಬೇಕಾದವರಿಗೆ ಇದು ಒಗ್ಗುತ್ತದೆ. ಜೊತೆಗೆ ಬರುವ ಕೂಜಾ ಸಿಮ್ಯುಲೇಟರಿನಲ್ಲಿ ಒಂದು ಚಿಪ್ ಕೊಳ್ಳದೆಯೂ ಇಪ್ಪತ್ತು ಸಾಧನಗಳ ನೆಟ್‌ವರ್ಕ್ ಓಡಿಸಿ ನೋಡಬಹುದು.

ರಯಟ್ ಜರ್ಮನಿ, ಫ್ರಾನ್ಸ್‌ಗಳ ಸಂಶೋಧಕರಿಂದ 2013ರಲ್ಲಿ ಬಂತು. ಕಲಿಯುವವರಿಗೆ ನನ್ನ ಮತ ಇದಕ್ಕೆ. ಸಾಮಾನ್ಯ ಸಿ ಭಾಷೆ, ಸಾಮಾನ್ಯ ಮೇಕ್‌ಫೈಲ್, ಬೋರ್ಡಿನ ಹೆಸರಿನ ಜಾಗದಲ್ಲಿ ನೇಟಿವ್ ಎಂದು ಕೊಟ್ಟರೆ ಲಿನಕ್ಸ್ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ಝೆಫರ್ 2016ರಿಂದ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿದೆ. ಚಿಪ್ ಕಂಪನಿಗಳೇ ಹಿಂದೆ ನಿಂತಿವೆ, ಬೋರ್ಡುಗಳ ಪಟ್ಟಿ ಉದ್ದ, ಮೊದಲ ವಾರ ಡಿವೈಸ್‌ಟ್ರೀ ಎಂಬ ಬೋರ್ಡಿನ ವಿವರಣೆಯೊಡನೆ ಗುದ್ದಾಟವೂ ಉದ್ದ. ಮಾರಾಟದ ಉತ್ಪನ್ನಕ್ಕೆ ಇದೇ ಸೂಕ್ತ. ಫ್ರೀಆರ್‌ಟಿಒಎಸ್ 2003ರಿಂದ ಇದೆ, 2017ರಿಂದ ಅಮೆಜಾನ್ ನೋಡಿಕೊಳ್ಳುತ್ತಿದೆ. ಅದರ ಮೂಲ ಭಾಗ ಶೆಡ್ಯೂಲರ್ ಮಾತ್ರ, ನೆಟ್‌ವರ್ಕನ್ನು ಪ್ರತ್ಯೇಕವಾಗಿ ಜೋಡಿಸಬೇಕು.

ಎಲ್ಲವೂ ಓಪನ್ ಸೋರ್ಸ್, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ಬಳಸಬಹುದು; ಲೈಸೆನ್ಸ್ ಮಾತ್ರ ಬೇರೆ ಬೇರೆ. ಕಾಂಟಿಕಿ, ಝೆಫರ್, ಫ್ರೀಆರ್‌ಟಿಒಎಸ್‌ಗಳನ್ನು ತಿದ್ದಿ ಮಾರುವವರು ಕೋಡ್ ತೋರಿಸಬೇಕಾಗಿಲ್ಲ. ರಯಟ್‌ನ ಎಲ್‌ಜಿಪಿಎಲ್ ಪ್ರಕಾರ ರಯಟ್‌ನಲ್ಲೇ ಮಾಡಿದ ತಿದ್ದುಪಡಿಯನ್ನು ಕೊಂಡವರಿಗೆ ಕೊಡಬೇಕು. ಕಂಪನಿ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಎಂಬೆಡ್ ಎಂಬ ಇನ್ನೊಂದು ಓಎಸ್ ಉದಾಹರಣೆ: ಆರ್ಮ್ ಕಂಪನಿ 2026ರ ಜುಲೈಗೆ ಅದನ್ನು ನಿಲ್ಲಿಸುವುದಾಗಿ 2024ರಲ್ಲಿ ಘೋಷಿಸಿತು. ಕೋಡ್ ಎಲ್ಲರ ಕೈಯಲ್ಲಿದೆ, ಬೇಕಾದವರು ಮುಂದುವರಿಸಬಹುದು.

## ಟ್ಯಾಂಕಿಗೆ ಇಳಿಸುವಾಗ

ಓಎಸ್ ಎಷ್ಟು ಚೆನ್ನಾಗಿ ಮಲಗಿಸಿದರೂ ಬೋರ್ಡು ಮಲಗದಿದ್ದರೆ ಫಲವಿಲ್ಲ. ಮೂರು ವಾರದ ಎರಡನೇ ಉತ್ತರ ಇಲ್ಲಿದೆ: ಅಗ್ಗದ ಬೋರ್ಡುಗಳಲ್ಲಿ ಕೂರಿಸುವ ಎಎಂಎಸ್1117 ರೆಗ್ಯುಲೇಟರ್ ಏನೂ ಮಾಡದೆ ಸುಮಾರು 5 ಮಿಲಿಆಂಪಿಯರ್ ತಿನ್ನುತ್ತದೆ. ಮತ್ತದೇ 21 ದಿನ. ಬದಲಿಗೆ ಎಂಸಿಪಿ1700 ಹಾಕಿದರೆ 2 ಮೈಕ್ರೋಆಂಪಿಯರ್ ಒಳಗೇ. ಬೋರ್ಡಿನ ಪವರ್ ಎಲ್‌ಇಡಿಯನ್ನೂ ಕಿತ್ತುಬಿಡಿ.

ನೀರಿಗೆ ಮೇಲಿನಿಂದ ಶಬ್ದ ಬಿಟ್ಟು ಅಳೆಯುವ ಜೆಎಸ್ಎನ್-ಎಸ್ಆರ್04ಟಿ ಸೆನ್ಸರ್ ಸುಮ್ಮನಿದ್ದಾಗಲೂ ಕೆಲವು ಮಿಲಿಆಂಪಿಯರ್ ಎಳೆಯುತ್ತದೆ, ಆದ್ದರಿಂದ ಅದರ ವಿದ್ಯುತ್ತನ್ನೇ ಕಡಿಯಬೇಕು. ಅದಕ್ಕೆ ಸ್ವಿಚ್ಚಿನಂತೆ ಕೆಲಸ ಮಾಡುವ ಪಿ-ಚಾನೆಲ್ ಮಾಸ್‌ಫೆಟ್ ಹಾಕಿ ಅದನ್ನು ಆನ್-ಆಫ್ ಮಾಡುವ ಗೇಟನ್ನು ನೇರ ಚಿಪ್ಪಿನ ಪಿನ್ನಿಗೆ ಕಟ್ಟುವುದು ಪದೇಪದೇ ಕಾಣುವ ತಪ್ಪು. ಸೆಲ್ ಕಡೆ 4.5 ವೋಲ್ಟ್, ಪಿನ್ ಕೊಡುವುದು 3.3; ನಡುವೆ 1.2 ವೋಲ್ಟ್ ಉಳಿದು ಮಾಸ್‌ಫೆಟ್ ಪೂರ್ತಿ ಆಫ್ ಆಗುವುದೇ ಇಲ್ಲ. ಗೇಟಿಗೆ ಸೆಲ್ ಕಡೆಯಿಂದ 100 ಕಿಲೋಓಮ್ ಎಳೆದು, ಅದನ್ನು ಒಂದು ಚಿಕ್ಕ ಎನ್‌ಪಿಎನ್ ಟ್ರಾನ್ಸಿಸ್ಟರಿನಿಂದ ಕೆಳಗೆ ಇಳಿಸಿ. ಸೆನ್ಸರಿನಿಂದ ಬರುವ ಎಕೋ ಪಿನ್ನೂ 4.5 ವೋಲ್ಟಿನದು, 10 ಮತ್ತು 20 ಕಿಲೋಓಮ್ ಇಟ್ಟು 3 ವೋಲ್ಟಿಗೆ ತಗ್ಗಿಸದೆ ಚಿಪ್ಪಿಗೆ ಕೊಡಬಾರದು. ಮಲಗುವ ಮುನ್ನ ಅಳತೆಗೆ ಆಜ್ಞೆ ಕೊಡುವ ಟ್ರಿಗರ್ ಪಿನ್ನನ್ನು ಸೊನ್ನೆಗೆ ಇಳಿಸದಿದ್ದರೆ ಆ ತಂತಿಯ ಮೂಲಕವೇ ಸೆನ್ಸರ್ ಕದ್ದು ಕುಡಿಯುತ್ತದೆ.

ಈ ಸೆನ್ಸರಿಗೆ 25 ಸೆಂಟಿಮೀಟರಿಗಿಂತ ಹತ್ತಿರದ್ದು ಕಾಣದು. ತುಂಬಿದ ನೀರಿಗಿಂತ ಅಷ್ಟು ಮೇಲೆ ಕೂರಿಸಿ. ಶಬ್ದದ ವೇಗ 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್, 35 ಡಿಗ್ರಿಯಲ್ಲಿ 352. ಕೋಡಿನಲ್ಲಿ 343 ಎಂದೇ ಬರೆದಿಟ್ಟರೆ ಒಂದೂವರೆ ಮೀಟರ್ ಕೆಳಗಿನ ನೀರು ಸುಮಾರು 3.8 ಸೆಂಟಿಮೀಟರ್ ಮೇಲೆ ಕಾಣುತ್ತದೆ. 3 ಮೀಟರ್ ಉದ್ದ, 4 ಮೀಟರ್ ಅಗಲದ ಟ್ಯಾಂಕಿನಲ್ಲಿ ಅದು ಇಲ್ಲದ 460 ಲೀಟರ್ ನೀರು, ಅದೂ ಟ್ಯಾಂಕರ್ ಕರೆಸಬೇಕೇ ಬೇಡವೇ ಎಂದು ಯೋಚಿಸುವ ಹೊತ್ತಿನಲ್ಲಿ. ಟ್ಯಾಂಕಿನ ಒಳಗಿನ ಗಾಳಿಯಲ್ಲೊಂದು ತಾಪಮಾನ ಸೆನ್ಸರ್ ಇಳಿಬಿಟ್ಟು ತಿದ್ದಿಕೊಳ್ಳಿ.

ಕಾಂಕ್ರೀಟ್, ಕಬ್ಬಿಣದ ಮುಚ್ಚಳ, ನೀರು, ಮೂರೂ 2.4 ಗಿಗಾಹರ್ಟ್ಸಿಗೆ ಗೋಡೆ. ಸೆನ್ಸರಿನ ತಲೆ ಒಳಗಿರಲಿ, ಚಿಪ್ ಮತ್ತು ಆಂಟೆನಾ ಹೊರಗೆ. ಜೂನ್ ಬಂದರೆ ಡಬ್ಬಿಯೊಳಗೆ ತೇವ ಕಟ್ಟಿ ಬೆಸುಗೆಯ ಫ್ಲಕ್ಸ್ ಉಳಿದ ಕಡೆ ವಿದ್ಯುತ್ ಸೋರುತ್ತದೆ, ಮೈಕ್ರೋಆಂಪಿಯರ್ ಲೆಕ್ಕಕ್ಕೆ ಅಷ್ಟೇ ಸಾಕು. ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ತೊಳೆದು, ಒಣಗಿಸಿ, ತೇವ ತಡೆಯುವ ಕನ್ಫಾರ್ಮಲ್ ಕೋಟಿಂಗ್ ಹೊಡೆಯಿರಿ. ತಂತಿ ಬರುವ ತೂತು ಡಬ್ಬಿಯ ಅಡಿಯಲ್ಲಿರಲಿ.

ಕರೆಂಟ್ ಅಳೆಯಲು ಮಲ್ಟಿಮೀಟರನ್ನು ಮೈಕ್ರೋಆಂಪಿಯರ್ ರೇಂಜಿನಲ್ಲಿ ಇಟ್ಟರೆ ರೇಡಿಯೋ ಏಳುವ ಕ್ಷಣ ಮೀಟರಿನೊಳಗೇ ವೋಲ್ಟೇಜ್ ಕುಸಿದು ಬೋರ್ಡು ರೀಸೆಟ್ ಆಗುತ್ತದೆ. 10 ಓಮ್ ರೆಸಿಸ್ಟರನ್ನು ಸಾಲಿಗೆ ಹಾಕಿ ಆಸಿಲೋಸ್ಕೋಪಿನಲ್ಲಿ ನೋಡಿ. 5 ಮಿಲಿಆಂಪಿಯರ್ ಅಂದರೆ 50 ಮಿಲಿವೋಲ್ಟ್.

ಅಂದಹಾಗೆ, ನೀರು ತುಂಬಿದಾಗ ಮೋಟಾರು ನಿಂತರೆ ಸಾಕು ಎನ್ನುವ ಸೊಸೈಟಿಗೆ ಇದಾವುದೂ ಬೇಡ. ತಂತಿ ಎಳೆದ ಫ್ಲೋಟ್ ಸ್ವಿಚ್ ಆ ಕೆಲಸ ಮಾಡುತ್ತದೆ, ಅದಕ್ಕೆ ಓಎಸ್ಸೂ ಇಲ್ಲ, ಸೆಲ್ಲೂ ಇಲ್ಲ.

## ಅಪ್‌ಡೇಟಿನ ಪ್ರಶ್ನೆ

ಓಪನ್ ಸೋರ್ಸ್ ಎಂದ ಮಾತ್ರಕ್ಕೆ ತೂತು ಇರುವುದಿಲ್ಲ ಎಂದಲ್ಲ. 2020ರ ಡಿಸೆಂಬರಿನಲ್ಲಿ ಇಂಥ ಸಾಧನಗಳ ನಾಲ್ಕು ಓಪನ್ ಸೋರ್ಸ್ ನೆಟ್‌ವರ್ಕ್ ಸಾಫ್ಟ್‌ವೇರುಗಳಲ್ಲಿ ಒಟ್ಟು 33 ಭದ್ರತಾ ದೋಷಗಳು ಬಯಲಾದವು. ಕಾಂಟಿಕಿಯ ಮೂಲದಲ್ಲಿದ್ದ ಯುಐಪಿ ಅವುಗಳಲ್ಲೊಂದು. ಓಎಸ್‌ನಲ್ಲಿ ತಿದ್ದುಪಡಿ ಬರಬಹುದು, ಟ್ಯಾಂಕಿನ ಮೇಲಿರುವ ಚಿಪ್ಪಿಗೆ ಅದು ತಲುಪಬೇಕಲ್ಲ. ಅದಕ್ಕೆ ಫ್ಲ್ಯಾಶನ್ನು ಎರಡು ಭಾಗ ಮಾಡಿ, ಹಳೆಯದು ಓಡುತ್ತಿರುವಾಗಲೇ ಹೊಸದನ್ನು ಪಕ್ಕದ ಭಾಗಕ್ಕೆ ಇಳಿಸಿ, ತಯಾರಕರ ಡಿಜಿಟಲ್ ಸಹಿ ಸರಿಯಿದ್ದರೆ ಬದಲಾಯಿಸಿ, ಹೊಸದು ಏಳದಿದ್ದರೆ ಹಳೆಯದಕ್ಕೆ ಮರಳುವ ವ್ಯವಸ್ಥೆ ಬೇಕು. ಝೆಫರ್ ಜೊತೆ ಸಾಮಾನ್ಯವಾಗಿ ಬಳಸುವ ಎಂಸಿಯುಬೂಟ್ ಇದನ್ನೇ ಮಾಡುತ್ತದೆ.

ಆ ಸಹಿ ಹಾಕುವ ಖಾಸಗಿ ಕೀ ಇರುವವರು ಮಾತ್ರ ಮುಂದೆ ಸಾಧನವನ್ನು ಅಪ್‌ಡೇಟ್ ಮಾಡಬಲ್ಲರು. ಕೊಟೇಶನ್ ತಂದವರನ್ನು ನಾಲ್ಕು ಕೇಳಿ: ಓಎಸ್ ಯಾವುದು, ಅದರ ಎಷ್ಟನೇ ಆವೃತ್ತಿ, ನಿದ್ದೆಯಲ್ಲಿ ಇಡೀ ಬೋರ್ಡು ಅಳೆದು ನೋಡಿದಾಗ ಎಷ್ಟು ಮೈಕ್ರೋಆಂಪಿಯರ್, ಮತ್ತು ನೀವು ಅಂಗಡಿ ಮುಚ್ಚಿದರೆ ಆ ಕೀ ಸೊಸೈಟಿಗೆ ಕೊಡುತ್ತೀರಾ. ಉತ್ತರವನ್ನು ವರ್ಕ್ ಆರ್ಡರಿನಲ್ಲೇ ಬರೆಸಿಕೊಳ್ಳಿ.